ದೊಡ್ಡಕ್ಷರದ ಹಾಜರಿ

ಹಾಜರಿ ಪುಸ್ತಕ ಬಂದ್ ಮಾಡಿರಿ ಎಂದು ಆಡಳಿತ ಮಂಡಳಿಯ ಸಭೆಯಲ್ಲಿ ಮೇಜು ಕುಟ್ಟಿ ಹೇಳಿದವನು ನಾನೇ. ಇದನ್ನು ಮೊದಲಿಗೇ ಬರೆದಿಡುತ್ತೇನೆ. ಮುಂದೆ ಪುಣೆಯ ಕಂಪನಿಯನ್ನು ಬೈಯುತ್ತೇನೆ, ಅಧ್ಯಕ್ಷರನ್ನು ಬೈಯುತ್ತೇನೆ, ಪಾಪ, ಏನೂ ಅರಿಯದ ಒಬ್ಬ ಮುದುಕರನ್ನೂ ಬೈಯುತ್ತೇನೆ. ಬೈಯುವ ಭರದಲ್ಲಿ ನನ್ನನ್ನು ಮಾತ್ರ ಬಿಟ್ಟುಬಿಡುವ ಚಟ ನನಗಿದೆ.

ಎರಡು ಸಾವಿರದ ಎಂಟನೆಯ ಇಸವಿಯ ಮಾತು. ನಮ್ಮ ಶಿಕ್ಷಣ ಸಂಸ್ಥೆಗೆ ಗೋಕಾಕದಲ್ಲಿ ಡಿಗ್ರಿ ಕಾಲೇಜು, ಮೂಡಲಗಿ ಮತ್ತು ಹುಕ್ಕೇರಿಗಳಲ್ಲಿ ಒಂದೊಂದು ಪಿಯು ಕಾಲೇಜು. ಮೂರೂ ಊರಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ನಾನೊಬ್ಬನೇ. ಹಾಜರಿ ಪುಸ್ತಕದ ಅವಾಂತರ ಎಲ್ಲರಿಗೂ ಗೊತ್ತಿತ್ತು. ಹತ್ತು ದಿನ ಊರಲ್ಲೇ ಇಲ್ಲದವನು ಹನ್ನೊಂದನೆಯ ದಿನ ಬಂದು ಒಂದೇ ಪೆನ್ನಿನಲ್ಲಿ ಹತ್ತು ಸಹಿ ಒಗೆದು ಹೋಗುತ್ತಿದ್ದ. ಅದನ್ನು ನಿಲ್ಲಿಸಲು ಮಂಡಳಿಯವರು ಪುಣೆಯ ಕಂಪನಿಯೊಂದರ ತಂತ್ರಾಂಶ ತೆಗೆದುಕೊಂಡರು. ಅದು ಇರುವುದು ಪುಣೆಯವರ ಯಂತ್ರಗಳಲ್ಲಿ. ನಾವು ಇಂಟರ್ನೆಟ್ ಮೂಲಕ ಬಳಸಬೇಕು. ಅದಕ್ಕೆ ಕ್ಲೌಡ್ ಎಂಬ ಹೊಸ ಹೆಸರು ಆಗತಾನೇ ಕೇಳಿಬರುತ್ತಿತ್ತು. ನನ್ನಂಥವನಿಗೆ ಆ ಮಾತು ಆಡುವುದೇ ಒಂದು ಹೆಮ್ಮೆ.

ಅಧ್ಯಕ್ಷರು ಹಳೆಯ ಕಾಲದ ಎಚ್ಚರದ ಮನುಷ್ಯ. "ಕಂಪ್ಯೂಟರ್ ಇರ್ಲಿ, ಬಾಜೂಕ ಪುಸ್ತಕಾನೂ ಇರ್ಲಿ. ಒಂದು ವರ್ಷ ಎರಡೂ ನಡೀಲಿ," ಅಂದರು.

"ಎರಡು ಹಾಜರಿ ಇದ್ರ ಎರಡು ಖರೆ ಆಗ್ತಾವ್ರಿ ಸಾಹೇಬ್ರ. ಯಾವುದರ ಒಂದ ಇರಬೇಕು. ನಾಳೆ ಮಂದಿ ತಮಗ ಬೇಕಾದ್ದನ್ನ ತೋರಸ್ತಾರ," ಅಂದೆ ನಾನು. ಮೇಜು ಕುಟ್ಟಿದ್ದು ಆಗಲೇ. ಆಗಸ್ಟಿನಿಂದ ಮೂರೂ ಕಡೆ ಪುಸ್ತಕ ನಿಂತಿತು.

ನನ್ನ ಕೆಲಸ ಬೆಸುಗೆಯದು. ಗೋಕಾಕದ ಸರ್ವರಿನಲ್ಲಿ ಡೈರೆಕ್ಟರಿ ಎಂಬ ಮೂಲ ಪಟ್ಟಿ ಇತ್ತು. ಮೂರೂ ಊರಿನ ಸಿಬ್ಬಂದಿಯ ಹೆಸರು, ಪಾಸ್‌ವರ್ಡುಗಳೆಲ್ಲ ಅದರಲ್ಲಿ. ಬೆಳಿಗ್ಗೆ ನೌಕರರು ಹೆಸರು, ಪಾಸ್‌ವರ್ಡು ಹೊಡೆದರೆ ಪುಣೆಯ ತಂತ್ರಾಂಶ ನಮ್ಮ ಡೈರೆಕ್ಟರಿಯನ್ನು ಕೇಳುತ್ತದೆ, ಇವರು ನಿಮ್ಮವರೇನು ಎಂದು. ಹೌದು ಎಂಬ ಉತ್ತರ ಹೋದರೆ ಆ ದಿನದ ಹಾಜರಿ ಬಿದ್ದಂತೆ. ಇದನ್ನು ಜೋಡಿಸುವಾಗ ಪುಣೆಯ ಎಂಜಿನಿಯರ್ ಫೋನಿನಲ್ಲಿ ಒಂದು ಸಲಹೆ ಕೊಟ್ಟ. ನಮ್ಮ ಮನೆಯಲ್ಲಿ ಅರ್ಧ ಮಾತು ಮರಾಠಿಯೇ ಆದ್ದರಿಂದ ಅವನೊಡನೆ ನನ್ನ ಸಲಿಗೆ ಚೆನ್ನಾಗಿತ್ತು. ಡೈರೆಕ್ಟರಿ ಒಪ್ಪಿದ ಹೆಸರು ತಂತ್ರಾಂಶದಲ್ಲಿ ಇಲ್ಲದಿದ್ದರೆ ಅದು ತಾನಾಗಿಯೇ ಹೊಸ ಖಾತೆ ತೆರೆದುಕೊಳ್ಳುವಂತೆ ಮಾಡಬಹುದು, ನಿಮಗೆ ಒಬ್ಬೊಬ್ಬರನ್ನೇ ಸೇರಿಸುವ ತಲೆನೋವು ಇಲ್ಲ ಎಂದ. ಆಹಾ, ಪುಕ್ಕಟೆ ಸಿಕ್ಕಿತು ಎಂದು ಆ ಚೌಕದಲ್ಲಿ ಗುರುತು ಹಾಕಿದೆ. ಮೂರು ದಿನದಲ್ಲಿ ಗೋಕಾಕದ ಕೆಲಸ ಮುಗಿಯಿತು.

ಮೂಡಲಗಿಯಲ್ಲಿ ಪಾಠ ಮಾಡುವವರಿಗೂ ಕೀಬೋರ್ಡ್ ಅಂದರೆ ಅಳುಕು. ಆಫೀಸಿನಲ್ಲಿದ್ದದ್ದು ಒಂದೇ ಕಂಪ್ಯೂಟರ್. ಅದರ ಮುಂದೆ ಟೈಪಿಸ್ಟ್ ಕಾಕಾ ಕೂರುತ್ತಿದ್ದರು. ಅರ್ಧ ಊರಿಗೆ ಟೈಪಿಂಗ್ ಕಲಿಸಿದವರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಲ್ಲುವುದು, ಕಾಕಾ ಒಬ್ಬೊಬ್ಬರ ಹೆಸರನ್ನು ತಾವೇ ಹೊಡೆಯುವುದು, ಅವರವರು ಪಾಸ್‌ವರ್ಡ್ ಹೊಡೆಯುವ ಹೊತ್ತಿಗೆ ಕುರ್ಚಿ ಸರಿಸಿ ಕಿಟಕಿಯ ಕಡೆ ಮುಖ ಮಾಡುವುದು. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುವ ಪ್ರಾಚಾರ್ಯರಿಗಾಗಿ ಕಾಕಾ ಎಷ್ಟೋ ಹೊತ್ತು ಕಿಟಕಿ ನೋಡುತ್ತ ಕುಳಿತದ್ದನ್ನು ಕಂಡು ನಾನು ನಕ್ಕಿದ್ದೇನೆ.

ಆ ಸಾಲಿನಲ್ಲಿ ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬರು ನಿಲ್ಲುತ್ತಿದ್ದರು. ದಿನಾ ಕೌಜಲಗಿಯಿಂದ ಬಸ್ಸಿಗೆ ಬರುವವರು. ಒಂಬತ್ತು ವರ್ಷದಿಂದ ತಾತ್ಕಾಲಿಕ ನೌಕರಿ. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಕಸ ಗುಡಿಸುವುದು, ನೀರು ತುಂಬಿಡುವುದು ಎಲ್ಲ ಅವರದೇ. ಕಾಲೇಜಿನಲ್ಲಿ ಎಲ್ಲರೂ ಅವರನ್ನು "ಏ ತಂಗಿ" ಎಂದೇ ಕರೆಯುತ್ತಿದ್ದರು, ಅವರಿಗಿಂತ ಚಿಕ್ಕ ಉಪನ್ಯಾಸಕರು ಕೂಡ.

ಆ ವರ್ಷ ಮಂಡಳಿಯವರು ಗ್ರಂಥಾಲಯ ಸಹಾಯಕರ ಒಂದು ಹುದ್ದೆ ಕಾಯಂ ಮಾಡುತ್ತೇವೆ ಎಂದು ಸೂಚನೆ ಹಚ್ಚಿದರು. ಮೂರೂ ಊರಿನ ತಾತ್ಕಾಲಿಕ ನೌಕರರು ಅರ್ಜಿ ಹಾಕಬಹುದು. ಗ್ರಂಥಾಲಯದ ಸರ್ಟಿಫಿಕೇಟ್ ಪರೀಕ್ಷೆ ಪಾಸಾಗಿರಬೇಕು, ಆಗಸ್ಟಿನಿಂದ ಫೆಬ್ರವರಿ ಮುಗಿಯುವತನಕ ನೂರಾ ನಲವತ್ತು ದಿನದ ಹಾಜರಿ ಇರಬೇಕು, ವಯಸ್ಸು ಮೀರಿರಬಾರದು. ಆಕೆಗೆ ವಯಸ್ಸಿನ ಲೆಕ್ಕದಲ್ಲಿ ಅದೇ ಕೊನೆಯ ವರ್ಷ. ಈ ಸಲ ತಪ್ಪಿದರೆ ಮುಂದೆ ಇಲ್ಲ. ಬಸ್ಸಿನಲ್ಲಿ ಓದಿ ಪರೀಕ್ಷೆ ಬರೆದರು. ದೀಪಾವಳಿಯ ನಂತರ ಫಲಿತಾಂಶ ಬಂತು, ಪಾಸಾಗಿದ್ದರು.

ಮಾರ್ಚ್ ಮೊದಲ ವಾರ ತಂತ್ರಾಂಶದಿಂದ ಹಾಜರಿಯ ಕರಡು ಪಟ್ಟಿ ತೆಗೆದು ಮೂರೂ ಕಾಲೇಜಿನ ಹಲಗೆಗೆ ಹಚ್ಚಿಸಿದೆ. ಆಕ್ಷೇಪಣೆ ಇದ್ದವರು ವಾರದೊಳಗೆ ಹೇಳಬೇಕು, ಕೊನೆಯ ಪಟ್ಟಿಯನ್ನು ಮಂಡಳಿ ಸೇರುವ ಸೋಮವಾರ ಬೆಳಿಗ್ಗೆ, ಎಲ್ಲರ ಎದುರು, ಹೊಸದಾಗಿಯೇ ತೆಗೆಯಬೇಕು ಎಂಬುದು ಅಧ್ಯಕ್ಷರ ಕಟ್ಟಪ್ಪಣೆ. ಮೊದಲೇ ತೆಗೆದ ಕಾಗದವನ್ನು ಅವರು ನಂಬುತ್ತಿರಲಿಲ್ಲ. ಮರುದಿನವೇ ಆಕೆ ಗೋಕಾಕಕ್ಕೆ ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತರು.

"ಸರ್, ಪಟ್ಟಿಯೊಳಗ ನನ್ನ ಹೆಸರಿನ ಮುಂದ ಎಪ್ಪತ್ಮೂರ ದಿನ ಅಂತ ಐತ್ರಿ."

"ಹಂಗಾರ ಎಪ್ಪತ್ಮೂರ ದಿನ ಬಂದೀರಿ."

"ನಾ ಒಂದ ದಿನಾನೂ ತಪ್ಪಿಸಿಲ್ರಿ ಸರ್. ನಮ್ಮ ಅತ್ತಿ ತೀರಿಕೊಂಡಾಗ ಎರಡ ದಿನ, ಅಷ್ಟ."

ಆ ದಿನ ನನ್ನ ತಲೆ ಮೊದಲೇ ಕೆಟ್ಟಿತ್ತು. ಬೆಳಗಿನಿಂದ ನಾಲ್ಕನೆಯ ಆಕ್ಷೇಪಣೆ ಅದು. ಉಳಿದ ಮೂರೂ ಶುದ್ಧ ಸುಳ್ಳು. "ನೋಡ್ರಿ, ಕುಣಿಲಾರದಾಕಿ ಅಂಗಳ ಡೊಂಕು ಅಂದ್ಲಂತ. ಮಷಿನ್‌ಗೆ ನಿಮ್ಮ ಮ್ಯಾಲ ಏನ್ ಹಗೆತನ ಐತೇನ್ರಿ? ಸುಳ್ಳ ಹೇಳಾಕ ಅದಕ್ಕ ಬರೂದಿಲ್ಲ," ಎಂದುಬಿಟ್ಟೆ. ಆಕೆ ಅಳಲಿಲ್ಲ, ಜಗಳ ತೆಗೆಯಲಿಲ್ಲ. "ನೋಡ್ರಿ ಸರ್ ಒಂದೀಟು," ಎಂದು ಹೇಳಿ ಬಸ್ಸಿಗೆ ಹೋದರು. ಆ ಗಾದೆಯನ್ನು ಆಕೆಯ ಮುಖಕ್ಕೆ ಎಸೆದದ್ದು ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ.

ಆಕೆ ಹೋದ ಮೇಲೆ ಖಾತೆ ತೆಗೆದು ನೋಡಿದೆ. ಆಗಸ್ಟಿನಿಂದ ನವೆಂಬರ್ ನಡುವಿನತನಕ ದಿನವೂ ಹಾಜರಿ. ಆಮೇಲೆ ಒಂದೂ ಇಲ್ಲ, ಫೆಬ್ರವರಿ ಕೊನೆಯತನಕ ಖಾಲಿ. ಕೆಲಸ ತಪ್ಪಿಸುವವರು ಹೀಗೆ ತಪ್ಪಿಸುವುದಿಲ್ಲ. ಅವರು ಅಲ್ಲೊಂದು ಇಲ್ಲೊಂದು ದಿನ ತಪ್ಪಿಸುತ್ತಾರೆ. ಒಂದು ದಿನ ಕತ್ತರಿಸಿ ಹಾಕಿದ ಹಾಗೆ ನಿಂತಿದೆ ಎಂದರೆ ಏನೋ ಕೆಟ್ಟಿದೆ. ಡೈರೆಕ್ಟರಿಯ ದಾಖಲೆ ತೆರೆದೆ. ಅಲ್ಲಿ ಆಕೆ ಪ್ರತಿದಿನ ಬೆಳಿಗ್ಗೆ ಲಾಗಿನ್ ಆಗಿದ್ದರು, ಡಿಸೆಂಬರಿನಲ್ಲೂ ಜನವರಿಯಲ್ಲೂ. ನಮ್ಮ ಡೈರೆಕ್ಟರಿ ಹೌದು ಎಂದಿದೆ, ಪುಣೆಯ ತಂತ್ರಾಂಶ ಬರೆದುಕೊಂಡಿಲ್ಲ. ಡೈರೆಕ್ಟರಿ ನನ್ನ ಕೈಯಲ್ಲೇ ಇರುವುದಾದ್ದರಿಂದ ಅದರ ದಾಖಲೆಯನ್ನು ಹಾಜರಿ ಎಂದು ಮಂಡಳಿ ಒಪ್ಪುತ್ತಿರಲಿಲ್ಲ. ಅಯ್ಯೋ ದೇವರೇ ಎಂದು ತಲೆ ಹಿಡಿದು ಕುಳಿತೆ.

ಗುರುವಾರ ಬೆಳಗಿನ ಬಸ್ಸಿಗೆ ಮೂಡಲಗಿಗೆ ಹೋದೆ. ಯಾರಿಗೂ ಹೇಳದೆ ಟೈಪಿಸ್ಟ್ ಕಾಕಾ ಅವರ ಹಿಂದೆ ನಿಂತೆ. ಸಾಲು ಬಂತು. ಜವಾನರ ಹೆಸರು ಸಣ್ಣಕ್ಷರದಲ್ಲಿ ಹೊಡೆದರು. ಪ್ರಾಚಾರ್ಯರು ಬಂದರು, ಕಾಕಾ ಅವರ ಎಡಗೈಯ ಕಿರುಬೆರಳು ಕ್ಯಾಪ್ಸ್ ಲಾಕ್ ಒತ್ತಿತು, ಹೆಸರು ಪೂರ್ತಿ ದೊಡ್ಡಕ್ಷರದಲ್ಲಿ ಬಿತ್ತು. ಪಾಸ್‌ವರ್ಡಿಗೆ ಮೊದಲು ಮತ್ತೆ ಒತ್ತಿದರು, ಮುಂದಿನ ಹೊಸ ಹುಡುಗ ಉಪನ್ಯಾಸಕನದು ಸಣ್ಣಕ್ಷರ. ಆಮೇಲೆ ಗ್ರಂಥಾಲಯದವರು. "ಬರ್ರಿ ಅಕ್ಕಾರ," ಅಂದರು ಕಾಕಾ, ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವ ಹಾಗೆ. ಕಿರುಬೆರಳು ಮತ್ತೆ ಕ್ಯಾಪ್ಸ್ ಲಾಕ್ ಮೇಲೆ ಹೋಯಿತು. ಸಾಲು ಕರಗಿದ ಮೇಲೆ ಕೇಳಿದೆ.

"ಕಾಕಾ, ಗ್ರಂಥಾಲಯದವ್ರ ಹೆಸರು ಯಾಕ ದೊಡ್ಡಕ್ಷರದಾಗ ಹೊಡದ್ರಿ?"

ಕಾಕಾ ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಪರೀಕ್ಷಾ ಪಾಸ್ ಆಗ್ಯಾರಲ್ರಿ ಸಾಹೇಬ್ರ. ಮೊದಲ ತಂಗಿ ಅಂತಿದ್ದೆ, ಸಣ್ಣಕ್ಷರ ನಡೀತಿತ್ತು. ಈಗ ಅವ್ರು ಅಕ್ಕಾರ. ಹಿರ್ಯಾರ ಹೆಸರು ಸಣ್ಣಕ್ಷರದಾಗ ಹೊಡದ್ರ ಏಕವಚನದಾಗ ಕರದಂಗ ಆಗೂದಿಲ್ಲೇನ್ರಿ? ಮೂವತ್ತ ವರ್ಷ ನಾ ಹಿಂಗ ಕಲಿಸೇನಿ."

ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬುದೇ ಇಲ್ಲ. ಇಂಗ್ಲಿಷಿನ ಆ ಎರಡು ಅಳತೆಗಳಿಗೆ ಕಾಕಾ ನಮ್ಮ ರೀತಿಯ ಅರ್ಥ ಹಚ್ಚಿಕೊಂಡಿದ್ದರು: ಬರ್ರಿ ಎನ್ನುವುದು ಒಂದು, ಬಾರೋ ಎನ್ನುವುದು ಇನ್ನೊಂದು. ಅವರ ಕೈಯಲ್ಲಿ ಕಲಿತವರೆಲ್ಲ ಹೀಗೇ ಹೊಡೆಯುತ್ತಿದ್ದರಂತೆ. ಫಲಿತಾಂಶ ಬಂದ ಮರುದಿನ ಆಕೆ ಪೇಡೆ ಹಂಚಿದ್ದರು, ಅವತ್ತಿನಿಂದಲೇ ಕಾಕಾ ದೊಡ್ಡಕ್ಷರ ಶುರು ಮಾಡಿದ್ದರು.

ಈಗ ಎಲ್ಲ ಗೊತ್ತಾಯಿತು. ನಮ್ಮ ಡೈರೆಕ್ಟರಿಗೆ ಅಕ್ಷರ ದೊಡ್ಡದೋ ಸಣ್ಣದೋ ಎಂಬ ಭೇದವಿಲ್ಲ. ಹೇಗೆ ಹೊಡೆದರೂ ಅದೇ ಮನುಷ್ಯ ಎನ್ನುತ್ತದೆ. ಪುಣೆಯ ತಂತ್ರಾಂಶಕ್ಕೆ ಭೇದವಿದೆ. ದೊಡ್ಡಕ್ಷರದ ಹೆಸರನ್ನು ನೋಡಿ, ಡೈರೆಕ್ಟರಿ ಒಪ್ಪಿದೆ, ನನ್ನ ಬಳಿ ಇಂಥವರಿಲ್ಲ, ಹೊಸಬರಿರಬೇಕು ಎಂದುಕೊಂಡಿದೆ. ನಾನು ಗುರುತು ಹಾಕಿದ ಆ ಚೌಕದ ಪುಣ್ಯದಿಂದ ಎರಡನೆಯ ಖಾತೆ ತೆರೆದಿದೆ. ಆ ಖಾತೆಗೆ ಯಾವ ಕಾಲೇಜು, ಯಾವ ಕೆಲಸ ಎಂದು ಯಾರೂ ತುಂಬಿರಲಿಲ್ಲವಾದ್ದರಿಂದ ಅದು ಯಾವ ಪಟ್ಟಿಯಲ್ಲೂ ಬರುತ್ತಿರಲಿಲ್ಲ. ಪ್ರಾಚಾರ್ಯರಂಥವರದು ಮೊದಲಿನಿಂದಲೂ ದೊಡ್ಡಕ್ಷರವೇ ಆದರೂ ಅವರ ಹಾಜರಿಯನ್ನು ಕೇಳುವವರು ಯಾರು? ಮೂಡಲಗಿಯಲ್ಲಿ ನಡುವೆ ಬಡ್ತಿ ಸಿಕ್ಕಿದ್ದು ಈ ಒಬ್ಬರಿಗೆ ಮಾತ್ರ. ಅಲ್ಲೇ ಕುಳಿತು ಆ ಖಾತೆ ಹುಡುಕಿ ತೆಗೆದೆ. ಫೆಬ್ರವರಿ ಕೊನೆಯತನಕ ಎಂಬತ್ತು ದಿನ. ಎಪ್ಪತ್ಮೂರಕ್ಕೆ ಎಂಬತ್ತು ಕೂಡಿದರೆ ನೂರಾ ಐವತ್ಮೂರು.

ಖುಷಿಯಲ್ಲಿ ನಾನು ಕುಣಿಯುವುದೊಂದೇ ಬಾಕಿ. ಆಕೆಯನ್ನು ಕರೆದು ಪರದೆಯ ಮೇಲೆ ಎರಡೂ ಖಾತೆ ತೋರಿಸಿದೆ. ಎರಡು ಕಡೆ ಬರೆದಿತ್ತು, ಮಷಿನ್ ತಪ್ಪು ಎಂದಷ್ಟೇ ಹೇಳಿದೆ. ಆಕೆ ಪರದೆಯ ಹತ್ತಿರ ಬಂದು ಆ ಎಂಬತ್ತನ್ನು ಎರಡು ಸಲ ಓದಿದರು.

"ಸರ್, ಇದನ್ನ ಒಂದ ಕಾಗದದ ಮ್ಯಾಲ ತಗದ ಕೊಡ್ತೀರೇನ್ರಿ? ಈಗ?"

"ಅದ್ಯಾಕ್ರಿ ಹರಕ ಕಾಗದ? ಎರಡ ಕಾಗದ ಹಿಡಕೊಂಡ ಹೋದ್ರ ಸಾವಿರ ಪ್ರಶ್ನೆ ಕೇಳ್ತಾರ. ಸೋಮವಾರ ಒಂದ ಪಟ್ಟಿ, ಒಂದ ಹೆಸರು, ನೂರಾ ಐವತ್ಮೂರ ದಿನ. ಚಿಂತಿ ಬಿಡ್ರಿ ನೀವು."

ಪ್ರಿಂಟರ್ ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಒತ್ತಲಿಲ್ಲ, ಯಾಕೆಂದರೆ ಎರಡು ಹಾಜರಿ ಇದ್ದರೆ ಎರಡು ಖರೆ ಎಂದು ಸಭೆಯಲ್ಲಿ ಭಾಷಣ ಬಿಗಿದವನು ಅದೇ ಸಭೆಗೆ ಎರಡು ಕಾಗದ ಒಯ್ದು ನಿಲ್ಲುವುದು ನನಗೆ ಅವಮಾನವಾಗಿತ್ತು. ಇಷ್ಟೇ ಕಾರಣ, ಬೇರೆ ಏನೂ ಅಲ್ಲ.

ಹೊರಡುವಾಗ ಕಾಕಾ ಅವರಿಗೆ, "ಇನ್ ಮ್ಯಾಲ ಎಲ್ಲಾರ ಹೆಸರೂ ಸಣ್ಣಕ್ಷರ. ನನ್ನ ಕೇಳದ ಆ ಗುಂಡಿ ಮುಟ್ಟಬ್ಯಾಡ್ರಿ," ಎಂದು ಗದರಿದೆ. ಕಾರಣ ಹೇಳುವ ತಾಳ್ಮೆ ಇರಲಿಲ್ಲ. ಅವರು "ಆಗ್ಲಿ" ಅಂದರು. ಮುಖ ಸಣ್ಣದಾಯಿತು.

ಪುಣೆಯ ಎಂಜಿನಿಯರನಿಗೆ ಫೋನ್ ಮಾಡಿದೆ. ಎರಡು ಖಾತೆ ಕೂಡಿಸುವ ಸೌಲಭ್ಯ ತಂತ್ರಾಂಶದಲ್ಲಿ ಇಲ್ಲ, ತಾನೇ ಕೈಯಿಂದ ಮಾಡಿಕೊಡಬೇಕು, ಬುಧವಾರದ ತನಕ ತಡೆಯಿರಿ ಎಂದ. ಸೋಮವಾರವೇ ಬೇಕಲ್ಲಪ್ಪ ಎಂದೆ. ಹಾಗಿದ್ದರೆ ಒಂದು ಹೊಸ ಆಯ್ಕೆ ಬಂದಿದೆ, ಅಕ್ಷರದ ಭೇದ ನೋಡಬೇಡ ಎಂದು ಹೇಳುವುದು, ಅದನ್ನು ಚಾಲೂ ಮಾಡಿದರೆ ಪಟ್ಟಿಯಲ್ಲಿ ಒಂದೇ ಹೆಸರಾಗಿ ಬರುತ್ತದೆ, ಆದರೆ ನಾನು ಬುಧವಾರ ನೋಡಿದ ಮೇಲೆ ಮಾಡುವುದು ಒಳ್ಳೆಯದು ಎಂದ. ಅವನ ಮಾತಿನ ಮೊದಲರ್ಧ ಮಾತ್ರ ನನ್ನ ಕಿವಿಯಲ್ಲಿ ಉಳಿಯಿತು.

ಹಾಗಂತ ನಾನು ಪೂರ್ತಿ ಹುಚ್ಚನೂ ಅಲ್ಲ. ಶುಕ್ರವಾರ ಹುಕ್ಕೇರಿಗೆ ಹೋಗಿ ಅಲ್ಲಿಯ ಕಾಲೇಜಿಗೆ ಮಾತ್ರ ಆ ಆಯ್ಕೆ ಚಾಲೂ ಮಾಡಿ ಪರೀಕ್ಷಿಸಿದೆ. ಅಲ್ಲಿ ಹೆಸರು ಹೊಡೆಯುವವರೂ ಕಾಕಾ ಅವರ ಕೈಯಲ್ಲಿ ಕಲಿತವರೇ, ಮೂವರ ಹೆಸರು ದೊಡ್ಡಕ್ಷರ, ಸಣ್ಣಕ್ಷರಗಳಲ್ಲಿ ಜೋಡಿಯಾಗಿದ್ದವು. ಪಟ್ಟಿ ತೆಗೆದೆ, ಮೂವರದೂ ಒಂದೊಂದೇ ಹೆಸರು, ದಿನಗಳೂ ಕೂಡಿ ಬಂದವು. ಕೈಯಿಂದ ಲೆಕ್ಕ ಹಾಕಿ ನೋಡಿದೆ, ತಾಳೆಯಾಯಿತು. ಅಲ್ಲಿಯ ಗ್ರಂಥಾಲಯದಲ್ಲೂ ಇದೇ ಹುದ್ದೆಗೆ ಅರ್ಜಿ ಹಾಕಿದ ಒಬ್ಬ ತರುಣನಿದ್ದ. ಪಾಪ, ಅವನೇ ನನಗೆ ಚಹಾ ತರಿಸಿಕೊಟ್ಟ.

ಶನಿವಾರ ಮಧ್ಯಾಹ್ನ ಗೋಕಾಕದಲ್ಲಿ ಕುಳಿತು ನಿರ್ಧಾರ ಮಾಡಿದೆ. ಬುಧವಾರದ ತನಕ ಕಾಯುವುದಿಲ್ಲ. ಮೂರೂ ಕಾಲೇಜಿಗೆ ಆಯ್ಕೆ ಚಾಲೂ ಮಾಡಿದೆ, ಡೈರೆಕ್ಟರಿಯಿಂದ ಎಲ್ಲ ಹೆಸರನ್ನೂ ಸಣ್ಣಕ್ಷರದಲ್ಲಿ ಒಟ್ಟಿಗೆ ಕಳಿಸಿದೆ. ಮೂಡಲಗಿಯ ಪಟ್ಟಿ ತೆರೆದೆ. ಗ್ರಂಥಾಲಯ, ಒಂದೇ ಹೆಸರು, ನೂರಾ ಐವತ್ಮೂರು. ಕಾಲೇಜಿನ ಫೋನಿಗೆ ಹಚ್ಚಿ ಆಕೆಯನ್ನು ಕರೆಸಿದೆ. "ನೂರಾ ಐವತ್ಮೂರ ಬಂತ್ರಿ. ಸೋಮವಾರ ಸಂದರ್ಶನಕ್ಕ ನೆಟ್ಟಗ ಬರ್ರಿ," ಅಂದೆ. ಆ ಕಡೆಯಿಂದ, "ಭಾಳ ಉಪಕಾರ ಆತ್ರಿ ಸರ್," ಎಂಬ ದನಿ. ಅವತ್ತು ಮನೆಗೆ ಹೋಗುವಾಗ ನನ್ನ ಬಗ್ಗೆ ನನಗೇ ಅಭಿಮಾನ ಉಕ್ಕಿತ್ತು.

ಸಭೆಗೆ ಮುಂಚೆ ಒಮ್ಮೆ ನೋಡಿಬಿಡೋಣ ಎಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪಟ್ಟಿ ತೆಗೆದೆ. ಎಪ್ಪತ್ಮೂರು.

ಕಣ್ಣು ಉಜ್ಜಿಕೊಂಡು ಮತ್ತೆ ತೆಗೆದೆ. ಎಪ್ಪತ್ಮೂರು. ದೊಡ್ಡಕ್ಷರದ ಖಾತೆಯನ್ನು ಹುಡುಕಿದೆ, ಇಂಥ ಹೆಸರಿಲ್ಲ ಎಂದಿತು. ಹುಕ್ಕೇರಿಯ ಮೂರು ಜೋಡಿಗಳಲ್ಲೂ ಒಂದೊಂದು ಮಾಯ. ಪುಣೆಯ ನಂಬರು ಎರಡು ಸಲ ತಪ್ಪು ಒತ್ತಿದೆ.

ಎಂಜಿನಿಯರ್ ಸಮಾಧಾನವಾಗಿಯೇ ವಿವರಿಸಿದ. ನಾನು ಚಾಲೂ ಮಾಡಿದ ಆಯ್ಕೆ ಖಾತೆಗಳನ್ನು ಕೂಡಿಸುವುದಿಲ್ಲ, ಪಟ್ಟಿಯಲ್ಲಿ ಕೂಡಿಸಿ ತೋರಿಸುತ್ತದೆ ಅಷ್ಟೇ. ಒಳಗೆ ಎರಡೂ ಬೇರೆ ಬೇರೆಯೇ ಇದ್ದವು. ಪ್ರತಿ ಭಾನುವಾರ ತಂತ್ರಾಂಶ ತನ್ನ ಮನೆ ಗುಡಿಸುತ್ತದೆ: ಡೈರೆಕ್ಟರಿಯಿಂದ ಕೊನೆಯ ಸಲ ಬಂದ ಹೆಸರುಗಳಿಗೆ ಅಕ್ಷರಶಃ ಹೊಂದದ ಖಾತೆಗಳನ್ನು ಕೆಲಸ ಬಿಟ್ಟು ಹೋದವರದು ಎಂದು ತಿಳಿದು, ಹಾಜರಿ ಸಮೇತ ತೆಗೆದುಹಾಕುತ್ತದೆ. ಅಲ್ಲಿಯತನಕ ನಾನು ಪೂರ್ತಿ ಪಟ್ಟಿಯನ್ನು ಒಮ್ಮೆಯೂ ಕಳಿಸಿರಲಿಲ್ಲವಾದ್ದರಿಂದ ಗುಡಿಸಲು ಅದಕ್ಕೆ ಏನೂ ಸಿಕ್ಕಿರಲಿಲ್ಲ. ಶನಿವಾರ ನಾನೇ ಕಳಿಸಿದೆ, ಎಲ್ಲವೂ ಸಣ್ಣಕ್ಷರದಲ್ಲಿ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎನ್ನುತ್ತಾರಲ್ಲ, ನಾನು ಅದನ್ನೂ ಮಾಡಲಿಲ್ಲ. ಇದ್ದ ಮಣ್ಣನ್ನೂ ಹೊಳೆಗೆ ಸುರಿದೆ.

"ಬ್ಯಾಕಪ್ ಇಲ್ಲವೇ?" ಎಂದು ಕೇಳಿದೆ.

ಇದೆ, ಆದರೆ ಒಬ್ಬ ಗಿರಾಕಿಯ ಒಂದು ಖಾತೆ ಅದರಿಂದ ಹೊರತೆಗೆಯಲು ಮೇಲಿನವರ ಒಪ್ಪಿಗೆ ಬೇಕು, ಎರಡು ಮೂರು ವಾರವಾದರೂ ಹಿಡಿಯುತ್ತದೆ ಎಂದ. ಮಂಡಳಿ ಸೇರಲು ಇನ್ನು ಮುಕ್ಕಾಲು ಗಂಟೆ ಇತ್ತು. ನಾನು ಅವನಿಗೆ ಮರಾಠಿಯಲ್ಲಿ ಏನೇನು ಬೈದೆನೋ, ಇಲ್ಲಿ ಬರೆಯುವಂಥದ್ದಲ್ಲ. ಬೈದು ಮುಗಿದ ಮೇಲೆ, "ಬುಧವಾರತನಕ ತಡೀರಿ ಅಂದಿದ್ದೆ ಸಾಹೇಬ್," ಎಂದಷ್ಟೇ ಅಂದ.

ಆಕೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಸರ್ಟಿಫಿಕೇಟಿನ ಕವರ್ ಹಿಡಿದು. ನನ್ನನ್ನು ಕಂಡು ಎದ್ದು ನಿಂತು ನಕ್ಕರು. ನಾನು ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಎಂಬತ್ತು ದಿನ ಅಳಿಸಿ ಹೋಗಿದೆ, ಅಳಿಸಿದವನು ನಾನು. ಆಕೆಗೆ ಮೊದಲು ಅರ್ಥವಾಗಲಿಲ್ಲ. "ಶನಿವಾರ ಬಂತು ಅಂದಿದ್ರೆಲ್ರಿ?" ಎಂದು ಕೇಳಿದರು. ಎರಡನೆಯ ಸಲ ಹೇಳಿದಾಗ ನಿಧಾನವಾಗಿ ಕುಳಿತುಕೊಂಡರು. ಆಮೇಲೆ ಚೀಲಕ್ಕೆ ಕೈ ಹಾಕಿ ಗ್ರಂಥಾಲಯದ ವಹಿ ತೆಗೆದರು. ಯಾವ ಪುಸ್ತಕ ಯಾವ ದಿನ ಯಾರಿಗೆ ಕೊಟ್ಟದ್ದು ಎಂದು ಬರೆಯುವ ವಹಿ. ಸಂದರ್ಶನದಲ್ಲಿ ಕೇಳಬಹುದೆಂದು ತಂದಿದ್ದರಂತೆ. ನವೆಂಬರಿನಿಂದ ಫೆಬ್ರವರಿತನಕ ದಿನ ದಿನವೂ ಆಕೆಯದೇ ಬರಹ, ಆಕೆಯದೇ ಸಹಿ. ನನಗೆ ಜೀವ ಬಂದಂತಾಯಿತು. ಆ ವಹಿಯನ್ನು ಎದೆಗೆ ಅವುಚಿಕೊಂಡು ಒಳಗೆ ಹೋದೆ.

ಮಂಡಳಿಯ ಎದುರು ನನ್ನ ತಪ್ಪನ್ನು ಪೂರ್ತಿ ಒಪ್ಪಿಕೊಂಡೆ. ಸುಳ್ಳು ಹೇಳುವುದಿಲ್ಲ, ಮೂಡಲಗಿಯ ಟೈಪಿಸ್ಟ್ ಮಾಡಿದ ಅವಾಂತರ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಹೇಗೋ ನುಂಗಿಕೊಂಡೆ. ಹೆಸರು ಎರಡು ರೀತಿ ದಾಖಲಾಗಿತ್ತು, ಸರಿಮಾಡಲು ಹೋಗಿ ನಾನು ಅಳಿಸಿದೆ, ಮೂರು ವಾರ ಕೊಟ್ಟರೆ ದಾಖಲೆ ಮರಳಿ ಬರುತ್ತದೆ, ಅಲ್ಲಿಯತನಕ ಈ ವಹಿ ನೋಡಿರಿ ಎಂದೆ.

ಅಧ್ಯಕ್ಷರು ವಹಿಯನ್ನು ಗೌರವದಿಂದಲೇ ಪುಟ ಪುಟ ತಿರುವಿದರು. "ಅಕ್ಷರ ಭಾಳ ಚಂದ ಅದಾವ," ಅಂದರು. ಆಮೇಲೆ ಕನ್ನಡಕ ತೆಗೆದರು. "ಇದು ಪುಸ್ತಕದ್ದು ಹಾಜರಿ ಆತು, ಅವ್ರದ್ದಲ್ಲ. ಇವತ್ತ ಇದನ್ನ ಒಪ್ಪಿದ್ನಿ ಅಂದ್ರ ನಾಳೆ ಒಬ್ಬ ಘಂಟಿ ಬಾರ್ಸಿದ್ದ ವಹಿ ತರ್ತಾನ, ಇನ್ನೊಬ್ಬ ಹಾಲಿಂದು ತರ್ತಾನ."

"ನನ್ನ ನಂಬ್ರಿ ಸಾಹೇಬ್ರ. ನಾ ಕಣ್ಣಾರೆ ನೋಡೇನಿ, ಎಂಬತ್ತ ದಿನ ಇತ್ತು."

"ನಿಮ್ಮನ್ನ ನಂಬ್ತೇನಿ. ಖರೇನ ನಂಬ್ತೇನಿ. ಆದ್ರ ನಂಬಿಕಿ ಮ್ಯಾಲ ನೌಕರಿ ಕೊಡೂದು ಬ್ಯಾಡ ಅಂತನ ನೀವು ಪುಸ್ತಕ ಬಂದ್ ಮಾಡಿಸಿದ್ರೆಲ್ಲಾ? ಇಲ್ಲೇ, ಇದ ಮೇಜ ಕುಟ್ಟಿದ್ರಿ."

"ಮೂರು ವಾರ ಮುಂದ ಹಾಕ್ರಿ."

"ಮೂರು ಊರಿನ ಮಂದಿ ಬಂದ ಹೊರಗ ಕುಂತಾರ. ಒಬ್ಬರ ಸಲುವಾಗಿ ಮುಂದ ಹಾಕಿದ್ನಿ ಅಂದ್ರ ಉಳದಾವ್ರು ಕೋರ್ಟಿಗೆ ಹೋಗ್ತಾರ."

ಅವರ ಮಾತಿನಲ್ಲಿ ಒಂದು ಶಬ್ದವೂ ತಪ್ಪಿರಲಿಲ್ಲ. ಅದೇ ನನ್ನನ್ನು ಕೊಂದದ್ದು. ಬೈಯಲು ಕೂಡ ನನಗೆ ಯಾರೂ ಸಿಗಲಿಲ್ಲ. ಸಂದರ್ಶನಕ್ಕೆ ಆಕೆಯ ಹೆಸರು ಕೂಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹುಕ್ಕೇರಿಯ ಆ ತರುಣನಿಗೆ ಹುದ್ದೆ ಆಯಿತು. ಒಳ್ಳೆಯ ಹುಡುಗನೇ, ಅವನನ್ನು ಅಭಿನಂದಿಸಲೂ ಆಗದೆ ನಾನು ಹಿಂದಿನ ಬಾಗಿಲಿನಿಂದ ಹೊರಬಿದ್ದೆ. ಆಕೆ ಅಷ್ಟರಲ್ಲಿ ಬಸ್ಸಿಗೆ ಹೋಗಿಯಾಗಿತ್ತು.

ಮುಂದಿನ ಮೂರು ವಾರ ನಾನು ಮನುಷ್ಯನಾಗಿರಲಿಲ್ಲ. ಮನೆಯಲ್ಲಿ ಉಂಡದ್ದು ಗೊತ್ತಾಗುತ್ತಿರಲಿಲ್ಲ. ಬ್ಯಾಕಪ್ ಬಂದರೆ ಏನು, ಬರದಿದ್ದರೆ ಏನು, ಆದರೂ ದಿನಾ ಪುಣೆಗೆ ಫೋನ್ ಮಾಡುತ್ತಿದ್ದೆ. ಕೊನೆಗೆ ಏಪ್ರಿಲ್‌ನಲ್ಲಿ ಆ ಖಾತೆ ಮರಳಿ ಬಂತು. ಈ ಸಲ ಮೊದಲು ಮಾಡಿದ ಕೆಲಸವೆಂದರೆ ಪ್ರಿಂಟ್ ತೆಗೆದದ್ದು. ಎಂಬತ್ತು ದಿನ, ಬಂದ ವೇಳೆಯ ಸಮೇತ. ಅರ್ಜಿ ಹಾಕಿದ ಎಲ್ಲರಿಗಿಂತ ಹೆಚ್ಚು ಹಾಜರಿ ಆಕೆಯದೇ ಆಗಿತ್ತು.

ಆ ಕಾಗದ ಹಿಡಿದು ಮೂಡಲಗಿಗೆ ಹೋದೆ. ದಾರಿಯುದ್ದಕ್ಕೂ ನನ್ನ ಸಿಟ್ಟು 'ಆ ಕಾಕಾ' ಎಂಬಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಸುಮ್ಮನೆ ಹೆಸರು ಹೊಡೆಯಲಿಕ್ಕೆ ಏನಾಗಿತ್ತು ಇವರಿಗೆ? ನಿಮ್ಮ ಮರ್ಯಾದೆಯಿಂದ ಒಬ್ಬರ ಬದುಕು ಹೋಯಿತು ಎಂದು ಮುಖದ ಮೇಲೆ ಹೇಳಬೇಕು, ನನ್ನ ಭಾರದಲ್ಲಿ ಅರ್ಧವನ್ನಾದರೂ ಅವರು ಹೊರಲಿ ಎಂದುಕೊಂಡೇ ಬಸ್ಸಿನಿಂದ ಇಳಿದೆ.

ಮೊದಲು ಗ್ರಂಥಾಲಯಕ್ಕೆ ಹೋದೆ. ಆಕೆ ಪುಸ್ತಕಗಳ ಧೂಳು ಒರೆಸುತ್ತಿದ್ದರು, ಅದೇ ತಾತ್ಕಾಲಿಕ ನೌಕರಿಯಲ್ಲಿ, ಇನ್ನು ಎಂದೂ ಕಾಯಂ ಆಗದ ನೌಕರಿಯಲ್ಲಿ. ಕಾಗದ ಕೊಟ್ಟೆ. ಕೈ ಒರೆಸಿಕೊಂಡು ತೆಗೆದುಕೊಂಡು, ಒಂದೊಂದೇ ತಾರೀಖಿನ ಮೇಲೆ ಬೆರಳಿಟ್ಟು ಪೂರ್ತಿ ಓದಿದರು. ನಾನು ಅವತ್ತು ಹೇಳದೆ ಬಿಟ್ಟಿದ್ದ ಕಾರಣವನ್ನೂ ಹೇಳಿದೆ: ಸಣ್ಣಕ್ಷರ, ದೊಡ್ಡಕ್ಷರ, ಕಾಕಾ ಅವರ ಕಿರುಬೆರಳು, ಫಲಿತಾಂಶದ ಮರುದಿನ.

"ಈಗ ಹೋಗಿ ಅವ್ರಿಗೂ ಹೇಳಾಂವ ಅದೇನಿ. ತಿಳೀಲಿ ಅವ್ರಿಗೆ," ಅಂದೆ.

ಆಕೆ ಕಾಗದ ಮಡಚಿದರು. "ಬ್ಯಾಡ್ರಿ ಸರ್."

"ಯಾಕ್ರಿ?"

"ಒಂಬತ್ತ ವರ್ಷದಾಗ ಈ ಕಾಲೇಜಿನ್ಯಾಗ ನನಗ ಅಕ್ಕಾರ ಅಂದಾವ್ರು ಅವ್ರೊಬ್ರ. ನೀವು ಹೇಳಿದ್ರ ನಾಳೆಯಿಂದ ಅವ್ರು ನನ್ನ ಮಾರಿ ನೋಡೂದಿಲ್ರಿ. ನೌಕರಿ ಅಂತೂ ಹೋತು. ಇದನ್ನೂ ಕಳಕೊಳ್ಳಾಕ ನನ್ನ ಕಡೆಯಿಂದ ಆಗೂದಿಲ್ಲ."

ಇಡೀ ಪ್ರಕರಣದಲ್ಲಿ ಆಕೆ ಅತ್ತದ್ದು ಆಗ ಮಾತ್ರ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದೆ.

ಆಫೀಸಿನ ಬಾಗಿಲ ಹತ್ತಿರ ಕಾಕಾ ನನ್ನನ್ನು ತಡೆದರು. "ಸಾಹೇಬ್ರ, ಅಕ್ಕಾರ ನೌಕರಿ ಯಾಕ ಹೋತ್ರಿ? ಕೇಳಿದ್ರ ಅವ್ರು ಹೇಳವಲ್ರು."

"ಮಷಿನ್ ಕೆಟ್ಟಿತ್ರಿ ಕಾಕಾ," ಅಂದೆ.

"ಹಂಗ ಇರಬೇಕಂತ ನನಗೂ ಅನಸಿತ್ತು." ಕುರ್ಚಿಗೆ ಹೋಗಿ ಕುಳಿತು, ಕೀಬೋರ್ಡಿನ ಮೇಲೆ ಕೈ ಇಟ್ಟುಕೊಂಡು ಮತ್ತೆ ಕೇಳಿದರು. "ನೀವು ಸಣ್ಣಕ್ಷರ ಅಂದಾಗಿಂದ ಎಲ್ಲಾರ್ದೂ ಸಣ್ಣಕ್ಷರಾನ ಹೊಡ್ಯಾಕತ್ತೇನ್ರಿ. ಆದ್ರ ಅವ್ರ ಹೆಸರು ಹೊಡಿಯೂ ಮುಂದ ಕೈ ನಡ್ಯಾಂಗಿಲ್ರಿ. ಅವ್ರ ಒಬ್ಬರ್ದು ದೊಡ್ಡಕ್ಷರದಾಗ ಹೊಡೀಲೇನ್ರಿ?"

ಈಗ ಹೇಗೆ ಹೊಡೆದರೂ ಒಂದೇ ಖಾತೆಗೆ ಹೋಗುವಂತೆ ನಾನು ಮಾಡಿಯಾಗಿತ್ತು.

"ಹೊಡೀರಿ ಕಾಕಾ," ಅಂದೆ. "ಇನ್ನೇನೂ ಆಗೂದಿಲ್ಲ."